ಎಂಬತ್ತೈದರ ಅಮ್ಮನಿಗೆ ಆಪರೇಷನ್ ಬೇಕೆ?



“ಡಾಕ್ಟ್ರೇ, ಅಮ್ಮನಿಗೆ ಎಂಬತ್ತೈದು ದಾಟಿದೆ. ಈ ವಯಸ್ಸಲ್ಲಿ ಅವರಿಗೆ ಆಪರೇಷನ್ ಅಂತ ಹಿಂಸೆ ಯಾಕೆ? ಮನೆಗೆ ಕರ್ಕೊಂಡು ಹೋಗ್ತೀವಿ. ಇದ್ದಷ್ಟು ದಿನ ನೋಡ್ಕೋತೀವಿ.”

ಸೊಂಟದ ಹತ್ತಿರ ಮೂಳೆ ಮುರಿದುಕೊಂಡು ಬಂದ ಹಿರಿಯರ ಮನೆಯವರು ನಮ್ಮಂಥ ಮೂಳೆ ವೈದ್ಯರಿಗೆ ಹೇಳುವ ಮಾತು ಇದು. ಹೀಗೆ ಹೇಳುವವರು ಕಲ್ಲುಮನಸ್ಸಿನವರೇನಲ್ಲ. ಅಮ್ಮನ ಮೇಲಿನ ಕನಿಕರದಿಂದಲೇ ಹೇಳುತ್ತಾರೆ. ಕತ್ತರಿ, ರಕ್ತ, ಅರಿವಳಿಕೆ ಇವೆಲ್ಲ ಆ ಸಣಕಲು ದೇಹಕ್ಕೆ ಬೇಡ ಎಂಬುದು ಅವರ ಎಣಿಕೆ. ಸುಮ್ಮನೆ ಮಲಗಿಸಿದರೆ ನೆಮ್ಮದಿಯಾಗಿರುತ್ತಾರೆ ಎಂಬ ನಂಬಿಕೆ.

ಆ ನಂಬಿಕೆಯ ಬಗ್ಗೆಯೇ ಇವತ್ತು ಮಾತಾಡಲು ಬಂದಿದ್ದೇನೆ. ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಸೊಂಟದ ಮೂಳೆ ಮುರಿದವರನ್ನು ಹಾಗೇ ಮಲಗಿಸಿಡುವುದು ಬಹಳ ನೋವಿನ ದಾರಿ. ವಯಸ್ಸು ಏರಿದಷ್ಟೂ ಹಾಸಿಗೆಯ ಅಪಾಯವೂ ಏರುತ್ತದೆ. ಆದ್ದರಿಂದ ಬಹುಪಾಲು ಅಜ್ಜ, ಅಜ್ಜಿಯರಿಗೆ ಆಪರೇಷನ್ ಬೇಕು. ಅದೂ ಒಂದೆರಡು ದಿನದೊಳಗೆ ಆಗಬೇಕು. ಯಾಕೆ ಬೇಕು, ಏನು ಮಾಡುತ್ತಾರೆ, ಯಾರಿಗೆ ಬೇಡ, ಇದಿಷ್ಟು ಇಂದಿನ ಮಾತು.

ಎಲ್ಲಿ ಮುರಿಯುತ್ತದೆ ಎಂದು ಮೊದಲು ತಿಳಿಯೋಣ. ಕೂತಿದ್ದರೆ ಒಮ್ಮೆ ಎದ್ದು ನಿಲ್ಲಿ. ಅಂಗೈಯನ್ನು ಸೊಂಟದ ಪಕ್ಕಕ್ಕೆ ಇಟ್ಟು, ಒಂದು ಗೇಣು ಕೆಳಗೆ ಸರಿಸಿ. ಪ್ಯಾಂಟಿನ ಜೇಬು ಬರುವ ಜಾಗದಲ್ಲಿ, ಚರ್ಮದ ಕೆಳಗೆ ಗಟ್ಟಿಯಾದ ಒಂದು ಗುಬುಟು ಕೈಗೆ ಸಿಗುತ್ತದೆ. ತೊಡೆಮೂಳೆಯ ಮೇಲ್ತುದಿಯ ಹೊರಭಾಗ ಅದು. ಅಲ್ಲಿಂದ ಮೂಳೆ ಒಳಮುಖವಾಗಿ, ಓರೆಯಾಗಿ ಮೇಲಕ್ಕೆ ಹೋಗುತ್ತದೆ. ಆ ಓರೆ ಭಾಗವೇ ತೊಡೆಮೂಳೆಯ ಕತ್ತು. ಕತ್ತಿನ ತುದಿಯಲ್ಲಿ ನಾಲ್ಕೈದು ಸೆಂಟಿಮೀಟರ್ ಅಡ್ಡಳತೆಯ ಗುಂಡು. ಸೊಂಟದ ಮೂಳೆಯಲ್ಲಿರುವ ಕುಳಿಯೊಳಗೆ ಕೂತು ಅದು ತಿರುಗುತ್ತದೆ. ನಾವು ನಡೆಯುವುದು, ಕೂರುವುದು, ಮೆಟ್ಟಿಲು ಹತ್ತುವುದು ಎಲ್ಲ ಈ ಕೀಲಿನಿಂದ.

ಇಡೀ ಮೈಭಾರ ಆ ಓರೆ ಕತ್ತಿನ ಮೂಲಕವೇ ಕಾಲಿಗೆ ಇಳಿಯಬೇಕು. ವಯಸ್ಸಾದಂತೆ ಮೂಳೆಯ ಒಳಗಿನ ಹೆಣಿಗೆ ಸವೆಯುತ್ತದೆ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಇನ್ನೂ ಬೇಗ ಸವೆಯುತ್ತದೆ. ಆಮೇಲೆ ದೊಡ್ಡ ಏಟೇ ಬೇಕಿಲ್ಲ. ರಾತ್ರಿ ಎದ್ದು ಬಚ್ಚಲಿಗೆ ಹೋಗುವಾಗ ಕಾಲು ಜಾರಿದರೆ ಸಾಕು. ಹೊಸ್ತಿಲು ಎಡವಿದರೆ ಸಾಕು. ಎಳೆಯರು ಬೀಳುವಾಗ ಕೈ ಊರುತ್ತಾರೆ. ಎಂಬತ್ತು ದಾಟಿದವರಿಗೆ ಕೈ ಮುಂದೆ ಬರುವಷ್ಟು ಚುರುಕು ಇರುವುದಿಲ್ಲ. ನಿಂತಲ್ಲೇ ಪಕ್ಕಕ್ಕೆ ಉರುಳಿ, ನೇರವಾಗಿ ಆ ಗುಬುಟಿನ ಮೇಲೇ ಬೀಳುತ್ತಾರೆ.

ಬಿದ್ದವರು ಮತ್ತೆ ಏಳಲಾರರು. ಆ ಕಾಲನ್ನು ಮೇಲೆತ್ತಲಾರರು. ತೊಡೆಸಂದಿಯಲ್ಲಿ ನೋವು ಎನ್ನುತ್ತಾರೆ. ಅಂಗಾತ ಮಲಗಿದಾಗ ಎರಡೂ ಪಾದ ಗಮನಿಸಿ. ಒಂದು ಕಾಲು ಗಿಡ್ಡವಾಗಿ, ಅದರ ಪಾದ ಹೊರಗಡೆಗೆ ವಾಲಿಕೊಂಡಿರುತ್ತದೆ. ಇಷ್ಟಾದರೆ ಮೂಳೆ ಮುರಿದಿದೆ ಎಂದೇ ತಿಳಿಯಿರಿ. ಕೆಲವು ಸಲ ಮುರಿದ ತುದಿಗಳು ಒಂದಕ್ಕೊಂದು ಕಚ್ಚಿಕೊಂಡು ಕೂತಿರುತ್ತವೆ. ಆಗ ಕುಂಟುತ್ತ ನಾಲ್ಕು ಹೆಜ್ಜೆ ಇಡುವವರೂ ಉಂಟು. ಮೊದಲ ಎಕ್ಸ್‌ರೇಯಲ್ಲಿ ಏನೂ ಕಾಣದೆ ಇರಬಹುದು. ಬಿದ್ದ ಮೇಲೆ ತೊಡೆಸಂದಿ ನೋವು ಬಿಡದಿದ್ದರೆ, ಸ್ಕ್ಯಾನ್ ಮಾಡಬೇಕೇ ಎಂದು ವೈದ್ಯರನ್ನು ಮತ್ತೆ ಕೇಳಿ.

ಮನೆಯಲ್ಲಿ ಏನು ಮಾಡಬೇಕು? ಎಣ್ಣೆ ಹಾಕಿ ತಿಕ್ಕಬೇಡಿ. ಕಾಲು ಎಳೆದು ನೀವಬೇಡಿ. ನಿಲ್ಲಿಸಿ ನೋಡಬೇಡಿ. ಗಟ್ಟಿ ಕಂಬಳಿಯ ಮೇಲೆ ಮೆಲ್ಲಗೆ ಸರಿಸಿ, ನಾಲ್ಕು ಜನ ನಾಲ್ಕು ಮೂಲೆ ಹಿಡಿದು ಎತ್ತಿ. 108ಕ್ಕೆ ಫೋನ್ ಮಾಡಿ. ಹೊರಡುವಾಗ ಮಾತ್ರೆಯ ಚೀಟಿ, ಮಾತ್ರೆಯ ಡಬ್ಬಿ, ಕನ್ನಡಕ, ಕಟ್ಟಿಸಿದ ಹಲ್ಲು, ಕಿವಿಯ ಮೆಷಿನ್ ಇಷ್ಟನ್ನೂ ಚೀಲಕ್ಕೆ ಹಾಕಿ. ಹಲ್ಲು, ಕನ್ನಡಕ ಯಾಕೆ ಎಂದು ಆಮೇಲೆ ಹೇಳುತ್ತೇನೆ. ಆಸ್ಪತ್ರೆ ಸೇರಿದ ತಕ್ಷಣ ನೋವು ಇಳಿಸಲು ಹೇಳಿ. ತೊಡೆಸಂದಿಯ ಹತ್ತಿರ ಒಂದು ಇಂಜೆಕ್ಷನ್ ಕೊಟ್ಟು ನರವನ್ನು ಮರಗಟ್ಟಿಸುವ ವಿಧಾನ ಇದೆ. ಅದು ಸಿಕ್ಕರೆ ಎಕ್ಸ್‌ರೇ ಮೇಜಿಗೆ ಎತ್ತಿ ಇಡುವಾಗಿನ ಚೀರಾಟವೇ ಇರುವುದಿಲ್ಲ.

ಇಲ್ಲಿ ಇನ್ನೊಂದು ಮಾತು. ನಮ್ಮ ಕಡೆ ಮೂಳೆ ಮುರಿದರೆ ಮೊದಲು ನೆನಪಾಗುವುದು ನಾಟಿ ಕಟ್ಟು. ಪುತ್ತೂರು ಕಟ್ಟಿನ ಹೆಸರು ಕೇಳದವರು ಕಡಿಮೆ. ಕಟ್ಟು ಹಾಕುವವರ ಶ್ರದ್ಧೆಯ ಬಗ್ಗೆ ನನಗೆ ತಕರಾರಿಲ್ಲ. ಆದರೆ ಕಟ್ಟು ಕೆಲಸ ಮಾಡುವ ಬಗೆ ಒಂದಿದೆ. ಮುರಿದ ಜಾಗದ ಮೇಲೂ ಕೆಳಗೂ ಹಿಡಿದು, ಅಲ್ಲಾಡದಂತೆ ಬಿಗಿಯಬೇಕು. ಮುಂಗೈಗೆ ಅದು ಸಾಧ್ಯ. ತೊಡೆಮೂಳೆಯ ಕತ್ತು ಇರುವುದು ದಪ್ಪ ಸ್ನಾಯುಗಳ ಆಳದಲ್ಲಿ, ಕೀಲಿನ ಒಳಗೆ. ಹೊರಗಿನಿಂದ ಯಾವ ಬಿದಿರುಪಟ್ಟಿಯೂ ಅದನ್ನು ಹಿಡಿದಿಡಲಾರದು. ನಮ್ಮ ಪ್ಲಾಸ್ಟರೂ ಹಿಡಿದಿಡಲಾರದು.

ಇಷ್ಟು ಹೊತ್ತು ಎಲ್ಲಿ ಮುರಿಯುತ್ತದೆ, ಹೇಗೆ ಗುರುತಿಸಬೇಕು ಎಂದು ನೋಡಿದೆವು. ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಆಪರೇಷನ್ ಬೇಡವೆಂದು ಮಲಗಿಸಿದರೆ ಏನಾಗುತ್ತದೆ?

ಮೊದಲನೆಯದು ನೋವು. ಮುರಿದ ತುದಿಗಳು ಒಳಗೆ ಅಲ್ಲಾಡುತ್ತಲೇ ಇರುತ್ತವೆ. ಸೀರೆ ಬದಲಿಸುವಾಗ ನೋವು. ಬೆಡ್‌ಪ್ಯಾನ್ ಇಡುವಾಗ ನೋವು. ಮಗ್ಗುಲು ತಿರುಗಿಸಿದರೆ ನೋವು. ಹಾಗಾಗಿ ಮನೆಯವರು ಮುಟ್ಟುವುದನ್ನೇ ಕಡಿಮೆ ಮಾಡುತ್ತಾರೆ. ಅಮ್ಮನೂ ನೀರು ಕುಡಿಯುವುದನ್ನು ಕಡಿಮೆ ಮಾಡುತ್ತಾರೆ. ಕುಡಿದರೆ ಒಂದಕ್ಕೆ ಹೋಗಬೇಕಲ್ಲ! ನೀರು ಕಡಿಮೆಯಾದರೆ ಮೂತ್ರದ ಸೋಂಕು. ಸೋಂಕಿನಿಂದ ಜ್ವರ. ಜ್ವರದಿಂದ ಮಂಕು.

ಅಂಗಾತ ಮಲಗಿದವರ ಉಸಿರು ಆಳಕ್ಕೆ ಇಳಿಯುವುದಿಲ್ಲ. ಕಫ ಶ್ವಾಸಕೋಶದ ತಳದಲ್ಲಿ ನಿಲ್ಲುತ್ತದೆ. ಕೆಮ್ಮಿ ಹೊರಹಾಕಲು ಬಲವಿಲ್ಲ. ನ್ಯುಮೋನಿಯಾ ಬರುತ್ತದೆ. ಕಾಲು ಆಡದೆ ಇದ್ದಾಗ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಕಳಚಿಕೊಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಬೆನ್ನಿನ ಕೆಳಗೆ, ಹಿಮ್ಮಡಿಯಲ್ಲಿ ಚರ್ಮ ಒತ್ತಿ ಹುಣ್ಣಾಗುತ್ತದೆ. ಹಾಸಿಗೆ ಹುಣ್ಣು ಶುರುವಾಗಲು ವಾರಗಳು ಬೇಕಿಲ್ಲ. ಒಂದೆರಡು ದಿನವೇ ಸಾಕು. ಮಾಯಲು ತಿಂಗಳುಗಳು ಬೇಕು.

ಇದೆಲ್ಲದರ ಜೊತೆಗೆ ಕಾಲಿನ ಸ್ನಾಯು ಕರಗುತ್ತದೆ. 2007ರಲ್ಲಿ ಅಮೆರಿಕದಿಂದ ಒಂದು ಅಧ್ಯಯನ ಬಂತು. ಆರೋಗ್ಯವಾಗಿದ್ದ, ಅರವತ್ತು ದಾಟಿದ ಹನ್ನೆರಡು ಮಂದಿಯನ್ನು 10 ದಿನ ಹಾಸಿಗೆಯಲ್ಲಿ ಇರಿಸಿದರು. ಹತ್ತೇ ದಿನಕ್ಕೆ ಅವರ ಕಾಲುಗಳಲ್ಲಿ ಸುಮಾರು ಒಂದು ಕಿಲೋ ಮಾಂಸಖಂಡ ಇಳಿದಿತ್ತು. ಅವರು ಆರೋಗ್ಯವಂತರು, ಯಾವ ಮೂಳೆಯೂ ಮುರಿದವರಲ್ಲ. ನಲವತ್ತು ಕಿಲೋ ತೂಗುವ ಎಂಬತ್ತೈದರ ಅಜ್ಜಿಗೆ ಎರಡು ತಿಂಗಳ ಹಾಸಿಗೆ ಏನು ಮಾಡೀತು, ನೀವೇ ಊಹಿಸಿ.

ಹಳೆಯ ವೈದ್ಯರಿಗೆ ಇದು ಗೊತ್ತಿತ್ತು. ಲಂಡನ್ನಿನ ಶಸ್ತ್ರವೈದ್ಯ ಆಸ್ಟ್ಲಿ ಕೂಪರ್ ಕೀಲುಗಳ ಮುರಿತದ ಮೇಲೆ ದೊಡ್ಡ ಗ್ರಂಥ ಬರೆದದ್ದು 1822ರಲ್ಲಿ. ಅರಿವಳಿಕೆ ಇಲ್ಲ, ಎಕ್ಸ್‌ರೇ ಇಲ್ಲ. ಆದರೂ ಕೀಲಿನ ಚೀಲದ ಒಳಗಿನ ಮುರಿತ ಬೇರೆ, ಹೊರಗಿನ ಮುರಿತ ಬೇರೆ ಎಂದು ಅವರು ವಿಂಗಡಿಸಿದರು. ಒಳಗಿನದು ಸಾಮಾನ್ಯವಾಗಿ ಕೂಡುವುದಿಲ್ಲ ಎಂದರು. ಹಾಗಾದರೆ ರೋಗಿಯನ್ನು ಏನು ಮಾಡಬೇಕು? ಕಾಲಿನ ಕೆಳಗೆ ದಿಂಬು ಇಟ್ಟು, ಕೆಲವು ದಿನ ನೋವು ತಗ್ಗಲು ಬಿಡಿ. ಆಮೇಲೆ ಎಬ್ಬಿಸಿ, ಎತ್ತರದ ಕುರ್ಚಿಯಲ್ಲಿ ಕೂರಿಸಿ, ಊರುಗೋಲು ಕೊಡಿ. ಅವರ ಸಲಹೆಯ ಸಾರ ಇದು. ಮೂಳೆ ಕೂಡದಿದ್ದರೂ ಸರಿ, ಮನುಷ್ಯ ಹಾಸಿಗೆಯಿಂದ ಏಳಬೇಕು ಎಂಬುದು ಇನ್ನೂರು ವರ್ಷಗಳ ಹಿಂದೆಯೇ ಒಬ್ಬ ಅನುಭವಿಗೆ ಹೊಳೆದಿತ್ತು. ನನಗೆ ಆ ಮಾತಿನ ಬಗ್ಗೆ ತುಂಬ ಗೌರವ. ನಾವು ಇಂದು ಮಾಡುವ ಎಲ್ಲ ಆಪರೇಷನ್ನಿನ ಗುರಿಯೂ ಅದೇ.

ಆಮೇಲೆ ಬಂದ ಉಪಕರಣಗಳೆಲ್ಲ ಆ ಗುರಿಗೆ ದಾರಿ ಮಾಡಿದವು. 1925ರಲ್ಲಿ ಬಾಸ್ಟನ್ನಿನ ಸ್ಮಿತ್ ಪೀಟರ್ಸನ್ ಎಂಬ ವೈದ್ಯರು ಮೂರು ರೆಕ್ಕೆಗಳಿರುವ ಉಕ್ಕಿನ ಮೊಳೆಯನ್ನು ತೊಡೆಮೂಳೆಯ ಕತ್ತಿಗೆ ಹೊಡೆದು ಕೂರಿಸಿದರು. ಅಮೆರಿಕದ ದಕ್ಷಿಣ ಕ್ಯಾರೊಲಿನಾ ರಾಜ್ಯದ ಆಸ್ಟಿನ್ ಮೂರ್ ಎಂಬವರು ಮುರಿದ ಗುಂಡನ್ನೇ ತೆಗೆದು, ಲೋಹದ ಗುಂಡು ಇಡುವ ವಿಧಾನವನ್ನು 1950ರ ದಶಕದಲ್ಲಿ ಬೆಳೆಸಿದರು. ಅವರ ಹೆಸರಿನ ಗುಂಡು ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಬಹುಕಾಲ ಬಡವರ ಕೈಹಿಡಿದಿದೆ. ಈಗಲೂ ಬಳಕೆಯಲ್ಲಿದೆ.

ಹಾಗಾದರೆ ಇದುವರೆಗೆ ಹೇಳಿದ್ದು ಇಷ್ಟು. ಮುರಿತಕ್ಕಿಂತ ಹಾಸಿಗೆಯೇ ಹೆಚ್ಚು ಜೀವ ತೆಗೆಯುತ್ತದೆ. ಎಬ್ಬಿಸಬೇಕಾದರೆ ಮುರಿದ ಜಾಗ ಭಾರ ಹೊರುವಂತಾಗಬೇಕು. ಅದಕ್ಕೆ ಏನು ಮಾಡುತ್ತಾರೆ ಎಂದು ಈಗ ಕೇಳಿ.

ಮುರಿತ ಎರಡು ಬಗೆ. ಒಂದು, ಕತ್ತಿನಲ್ಲೇ ಮುರಿಯುವುದು. ಇನ್ನೊಂದು, ಕತ್ತಿನ ಬುಡದಲ್ಲಿ, ನಿಮ್ಮ ಕೈಗೆ ಸಿಕ್ಕ ಆ ಗುಬುಟಿನ ಹತ್ತಿರ ಮುರಿಯುವುದು. ಎರಡಕ್ಕೂ ಚಿಕಿತ್ಸೆ ಬೇರೆ. ಇದಕ್ಕೆ ಕಾರಣ ರಕ್ತದ ಓಡಾಟ. ತೊಡೆಮೂಳೆಯ ಗುಂಡಿಗೆ ಬೇಕಾದ ರಕ್ತ ಬಹುಪಾಲು ಕೆಳಗಿನಿಂದ, ಕತ್ತನ್ನು ತಬ್ಬಿಕೊಂಡು ಮೇಲೇರುವ ಸಣ್ಣ ನಾಳಗಳಲ್ಲಿ ಹರಿಯುತ್ತದೆ. ಕತ್ತು ಮುರಿದು ಸರಿದರೆ ಆ ನಾಳಗಳು ಹರಿದುಹೋಗುತ್ತವೆ. ಬಳ್ಳಿಯಿಂದ ಕಿತ್ತ ಕಾಯಿಯಂತೆ ಗುಂಡು ಅಲ್ಲೇ ಒಣಗುತ್ತದೆ. ಸ್ಕ್ರೂ ಹಾಕಿ ಜೋಡಿಸಿದರೂ ವೃದ್ಧರಲ್ಲಿ ಅದು ಕೂಡುವ ಭರವಸೆ ಕಡಿಮೆ. ಎಂಬತ್ತೈದರಲ್ಲಿ ಎರಡನೇ ಆಪರೇಷನ್ನಿಗೆ ಯಾರನ್ನೂ ಒಡ್ಡಬಾರದು. ಆದ್ದರಿಂದ ಗುಂಡನ್ನು ತೆಗೆದು ಲೋಹದ ಗುಂಡು ಇಡುತ್ತೇವೆ. ಸೊಂಟದ ಕುಳಿಯನ್ನು ಮುಟ್ಟುವುದಿಲ್ಲ. ಅರ್ಧ ಕೀಲು ಬದಲಾವಣೆ ಇದು. ಬಿದ್ದ ದಿನದವರೆಗೂ ಚೆನ್ನಾಗಿ ಓಡಾಡುತ್ತಿದ್ದ, ಗಟ್ಟಿಮುಟ್ಟಾದವರಿಗೆ ಪೂರ್ತಿ ಕೀಲನ್ನೇ ಬದಲಿಸುವುದೂ ಉಂಟು.

ಲೋಹದ ಗುಂಡಿನ ಕಾಂಡವನ್ನು ತೊಡೆಮೂಳೆಯ ಟೊಳ್ಳಿನಲ್ಲಿ ಇಳಿಸಬೇಕು. ಸಿಮೆಂಟ್ ಹಾಕಿ ಕೂರಿಸುವುದೋ, ಹಾಗೇ ಬಿಗಿಯಾಗಿ ಹೊಡೆದು ಕೂರಿಸುವುದೋ ಎಂಬ ಚರ್ಚೆ ಹಳೆಯದು. ಸಿಮೆಂಟ್ ಎಂದರೆ ಮನೆ ಕಟ್ಟುವ ಸಿಮೆಂಟ್ ಅಲ್ಲ, ಬೇಗ ಗಟ್ಟಿಯಾಗುವ ಒಂದು ಬಗೆಯ ಮಿಶ್ರಣ. ಅದನ್ನು ಹಾಕುವ ಗಳಿಗೆಯಲ್ಲಿ ಕೆಲವರ ರಕ್ತದೊತ್ತಡ ಹಠಾತ್ತನೆ ಇಳಿಯಬಹುದು. ಅರಿವಳಿಕೆಯವರು ಅದಕ್ಕೆ ಸಿದ್ಧರಾಗಿಯೇ ಇರುತ್ತಾರೆ. ಬ್ರಿಟನ್ನಿನ ಒಂದು ದೊಡ್ಡ ಪರೀಕ್ಷೆಯ ಫಲ 2022ರಲ್ಲಿ ಬಂತು. ಸಿಮೆಂಟ್ ಹಾಕಿದವರ ಮುಂದಿನ ಬದುಕು ಚೂರು ಮೇಲು, ಗುಂಡಿನ ಸುತ್ತ ಮತ್ತೆ ಮೂಳೆ ಒಡೆಯುವುದೂ ಕಡಿಮೆ ಎಂದು ತಿಳಿಯಿತು. ಪುಡಿಪುಡಿ ಮೂಳೆಯ ಅಜ್ಜಿಯರಿಗೆ ಸಿಮೆಂಟೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯವೂ ಹೌದು.

ಇನ್ನು ಬುಡದ ಮುರಿತ. ಅಲ್ಲಿ ರಕ್ತ ಧಾರಾಳ. ಮೂಳೆ ಕೂಡುವುದರಲ್ಲಿ ಅನುಮಾನ ಕಡಿಮೆ. ಕೂಡುವ ತನಕ ಹಿಡಿದಿಡಬೇಕು, ಅಷ್ಟೆ. ಮೊದಲು ಕಾಲಿಗೆ ತೂಕ ಕಟ್ಟಿ ಎರಡು, ಮೂರು ತಿಂಗಳು ಮಲಗಿಸುತ್ತಿದ್ದರು. ಇಟ್ಟಿಗೆ ತೂಗುಬಿಟ್ಟ ಮಂಚಗಳನ್ನು ಹಿರಿಯ ಕೇಳುಗರು ನೋಡಿರಬಹುದು. ಮೂಳೆಯೇನೋ ಕೂಡುತ್ತಿತ್ತು. ಕೂಡುವ ಹೊತ್ತಿಗೆ ರೋಗಿಯೇ ಸೋತಿರುತ್ತಿದ್ದರು. ಈಗ ತೊಡೆಮೂಳೆಯ ಟೊಳ್ಳಿನೊಳಗೆ ಒಂದು ರಾಡು ಇಳಿಸಿ, ಅದರ ಮೂಲಕ ಗುಂಡಿನವರೆಗೆ ದಪ್ಪ ಸ್ಕ್ರೂ ಹಾಕುತ್ತೇವೆ. ಮುರಿತ ಸರಳವಾಗಿದ್ದರೆ ಹೊರಗಡೆ ಪಟ್ಟಿ, ಒಳಕ್ಕೆ ಸ್ಕ್ರೂ. ಗಾಯ ಸಣ್ಣದು. ಸಾಮಾನ್ಯವಾಗಿ ಒಂದು, ಒಂದೂವರೆ ಗಂಟೆಯ ಕೆಲಸ.

“ಅರಿವಳಿಕೆ ತಡ್ಕೋತಾರಾ?” ಎಂಬುದು ಎಲ್ಲರ ಭಯ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಬಹುದು. ಪೂರ್ತಿ ನಿದ್ದೆ ಬರಿಸಿಯೂ ಮಾಡಬಹುದು. ಯಾವುದು ಮೇಲು ಎಂದು ಅಮೆರಿಕ ಮತ್ತು ಕೆನಡಾದಲ್ಲಿ ಸುಮಾರು 1,600 ರೋಗಿಗಳ ಮೇಲೆ ನಡೆದ ಪರೀಕ್ಷೆ 2021ರಲ್ಲಿ ಪ್ರಕಟವಾಯಿತು. ಎರಡರ ಫಲವೂ ಹೆಚ್ಚುಕಡಿಮೆ ಒಂದೇ. ಎರಡು ತಿಂಗಳ ಬಳಿಕ ಬದುಕಿದ್ದವರು, ನಡೆಯುತ್ತಿದ್ದವರು ಎರಡೂ ಗುಂಪಿನಲ್ಲಿ ಸಮಾನ. ಆದ್ದರಿಂದ ಆ ಆಯ್ಕೆಯನ್ನು ಅರಿವಳಿಕೆ ವೈದ್ಯರಿಗೇ ಬಿಡಿ.

ವಯಸ್ಸಿನ ಮಾತಿಗೆ ಒಂದು ಉದಾಹರಣೆ ಕೊಡುತ್ತೇನೆ. ಬ್ರಿಟನ್ನಿನ ರಾಣಿ ಎರಡನೇ ಎಲಿಜಬೆತ್ ಅವರ ತಾಯಿ 1998ರ ಜನವರಿಯಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಗ ಅವರಿಗೆ 97. ವೈದ್ಯರು ತಡಮಾಡದೆ ಆಪರೇಷನ್ ಮಾಡಿದರು. ಅವರು ಮತ್ತೆ ಎದ್ದು ನಡೆದರು. ಇನ್ನೂ ನಾಲ್ಕು ವರ್ಷ ಬದುಕಿ, 101ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅರಮನೆಯ ಆರೈಕೆ ಎಲ್ಲರಿಗೂ ಸಿಗದು, ನಿಜ. ಆದರೆ ಅಂಥ ಆಪರೇಷನ್ ನಮ್ಮ ಜಿಲ್ಲಾ ಕೇಂದ್ರಗಳಲ್ಲೂ ಆಗುತ್ತದೆ.

ಮುರಿತ ಎರಡು ಬಗೆ, ಒಂದಕ್ಕೆ ಗುಂಡು, ಇನ್ನೊಂದಕ್ಕೆ ರಾಡು ಎಂದೆ. ಇನ್ನು ಯಾವಾಗ ಮಾಡಬೇಕು? ಇಂದಿನ ಮಾತಿನಲ್ಲಿ ನನಗೆ ಬಹಳ ಮುಖ್ಯವೆನಿಸುವುದು ಈ ಭಾಗ.

ಬ್ರಿಟನ್ನಿನ ಮಾರ್ಗಸೂಚಿಯ ಪ್ರಕಾರ ಆಸ್ಪತ್ರೆ ಸೇರಿದ ದಿನ, ಇಲ್ಲವೇ ಮರುದಿನ. ಭಾರತವೂ ಸೇರಿ 17 ದೇಶಗಳಲ್ಲಿ, ಸುಮಾರು 3,000 ರೋಗಿಗಳ ಮೇಲೆ ನಡೆದ ಒಂದು ಪರೀಕ್ಷೆಯ ಫಲಿತಾಂಶ 2020ರಲ್ಲಿ ಹೊರಬಂತು. ಅರ್ಧದಷ್ಟು ಜನರಿಗೆ ಸುಮಾರು 6 ಗಂಟೆಯೊಳಗೆ ಆಪರೇಷನ್. ಉಳಿದವರಿಗೆ ಸುಮಾರು 24 ಗಂಟೆಗೆ. ಸಾವಿನ ಲೆಕ್ಕದಲ್ಲಿ ಎರಡೂ ಗುಂಪು ಸಮ. ಆದರೆ ಬೇಗ ಮಾಡಿಸಿಕೊಂಡವರಲ್ಲಿ ಮಂಕು ಕವಿಯುವುದು ಕಡಿಮೆ. ಮೂತ್ರದ ಸೋಂಕು ಕಡಿಮೆ. ಬೇಗ ಎದ್ದು ನಿಂತರು, ಬೇಗ ಮನೆಗೆ ಹೋದರು. ಇಲ್ಲಿ ಗಮನಿಸಿ, ತಡವಾಯಿತು ಎಂದು ಲೆಕ್ಕ ಹಿಡಿದದ್ದೇ ಒಂದು ದಿನ. ನಮ್ಮಲ್ಲಿ ನಾಲ್ಕು ದಿನ, ಐದು ದಿನ, ಒಂದು ವಾರ ಕಳೆಯುವುದು ಅಪರೂಪವಲ್ಲ.

ಯಾಕೆ ಕಳೆಯುತ್ತದೆ? ಮೊದಲು ನಾಟಿ ಕಟ್ಟಿಗೆ ಎರಡು ದಿನ. ಆಮೇಲೆ ದುಡ್ಡು ಹೊಂದಿಸಲು ಒಂದು ದಿನ. ಆಮೇಲೆ ಪರೀಕ್ಷೆಗಳು. ಆಮೇಲೆ ಅಮೆರಿಕದಿಂದ ಮಗ ಬರಬೇಕು. ಮಗನ ಮನಸ್ಸು ನನಗೆ ಅರ್ಥವಾಗುತ್ತದೆ. ಆಪರೇಷನ್‌ಗೆ ಮೊದಲು ಅಮ್ಮನ ಮುಖ ನೋಡಬೇಕೆಂದು ಯಾರಿಗಿಲ್ಲ? ಆದರೂ ನಾನು ಫೋನಿನಲ್ಲಿ ಹೇಳುವುದು ಒಂದೇ. ನೀನು ವಿಮಾನದಲ್ಲಿರುವಾಗಲೇ ಆಪರೇಷನ್ ಮುಗಿಯಲಿ ಕಣಪ್ಪ. ನೀನು ಬರುವ ಹೊತ್ತಿಗೆ ಅವರು ಕೂತು ಕಾಫಿ ಕುಡಿಯುತ್ತಿರಲಿ. ನಿನ್ನ ಕೈ ನಿಜವಾಗಿ ಬೇಕಾಗುವುದು ಆಮೇಲಿನ ಆರು ವಾರ.

ದುಡ್ಡಿನ ಮಾತು. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ನೆರವಿದೆ. ಸೇರಿದ ದಿನವೇ ಕಾರ್ಡು ಹಿಡಿದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕಾಣಿ. ನಾಳೆ ನೋಡೋಣ ಎನ್ನಬೇಡಿ.

ಪರೀಕ್ಷೆಗಳ ಬಗ್ಗೆ ನನ್ನ ವೈದ್ಯಮಿತ್ರರಿಗೂ ಒಂದು ಮಾತು. ಬಿ.ಪಿ. ಸ್ವಲ್ಪ ಹೆಚ್ಚಿದೆ, ಶುಗರ್ ಸ್ವಲ್ಪ ಹೆಚ್ಚಿದೆ ಎಂದು ದಿನ ತಳ್ಳಬೇಡಿ. ನೋವಿನಿಂದ, ಗಾಬರಿಯಿಂದ ಎರಡೂ ಏರುತ್ತವೆ. ಹೃದಯದ ಎಕೋ ಸ್ಕ್ಯಾನಿಗಾಗಿ ಮೂರು ದಿನ ಕಾಯಿಸಬೇಡಿ. ಆಸ್ಪಿರಿನ್ ತೆಗೆದುಕೊಳ್ಳುತ್ತಿದ್ದಾರೆ ಎಂಬುದು ಆಪರೇಷನ್ ಮುಂದೂಡಲು ಕಾರಣವೇ ಅಲ್ಲ. ವಾರ್ಫರಿನ್‌ನಂಥ ಮಾತ್ರೆಯ ಪರಿಣಾಮವನ್ನು ಔಷಧ ಕೊಟ್ಟು ಬೇಗ ಇಳಿಸಬಹುದು. ಹೌದು, ಸರಿಪಡಿಸಲೇಬೇಕಾದವು ಕೆಲವು ಉಂಟು. ರಕ್ತ ತೀರ ಕಡಿಮೆ ಇದ್ದರೆ, ಸೋಡಿಯಂ, ಪೊಟ್ಯಾಸಿಯಂ ಬಹಳ ಏರುಪೇರಾಗಿದ್ದರೆ, ಹೃದಯ ಸೋತು ಉಸಿರು ಕಟ್ಟುತ್ತಿದ್ದರೆ, ಎದೆಯಲ್ಲಿ ಸೋಂಕು ತೀವ್ರವಾಗಿದ್ದರೆ ಮೊದಲು ಅದನ್ನು ನೋಡಬೇಕು. ಆ ಕೆಲಸ ರಾತ್ರಿಯೇ ಶುರುವಾಗಬೇಕು. ಬೆಳಗಿನ ರೌಂಡ್ಸ್‌ವರೆಗೆ ಕಾಯಬಾರದು.

ಇದಕ್ಕೆಲ್ಲ ಮೂಳೆ ವೈದ್ಯರೊಬ್ಬರೇ ಸಾಲದು. ಇಂಗ್ಲೆಂಡಿನ ಹೇಸ್ಟಿಂಗ್ಸ್ ಎಂಬ ಕಡಲತೀರದ ಊರಿನಲ್ಲಿ, 1960ರ ಆಸುಪಾಸಿನಲ್ಲಿ ಮೈಕೆಲ್ ಡೆವಾಸ್ ಎಂಬ ಮೂಳೆ ವೈದ್ಯರೂ ಬಾಬಿ ಅರ್ವಿನ್ ಎಂಬ ವೃದ್ಧರ ವೈದ್ಯರೂ ಒಂದಾಗಿ ರೋಗಿಗಳನ್ನು ನೋಡತೊಡಗಿದರು. ಮೂಳೆಯನ್ನು ಒಬ್ಬರು, ಉಳಿದ ದೇಹವನ್ನು ಇನ್ನೊಬ್ಬರು ಮೊದಲ ದಿನದಿಂದಲೇ ನೋಡುವುದು. ಬ್ರಿಟನ್ ಮುಂದೆ ಆ ಪದ್ಧತಿಯನ್ನು ದೇಶಕ್ಕೆಲ್ಲ ಹರಡಿತು. 2007ರಿಂದ ಸೊಂಟ ಮುರಿದ ಪ್ರತಿಯೊಬ್ಬ ವೃದ್ಧರ ಲೆಕ್ಕ ಇಡತೊಡಗಿತು. ಹೊತ್ತಿಗೆ ಸರಿಯಾಗಿ ಆಪರೇಷನ್ ಮಾಡಿದ ಆಸ್ಪತ್ರೆಗೆ ಹೆಚ್ಚು ಹಣ ಕೊಟ್ಟಿತು. ಮೊದಲು ಒಂದು ತಿಂಗಳಲ್ಲಿ 100ಕ್ಕೆ ಸುಮಾರು 11 ಮಂದಿ ತೀರಿಕೊಳ್ಳುತ್ತಿದ್ದರು. ಹತ್ತು ವರ್ಷದಲ್ಲಿ ಅದು 7ರ ಹತ್ತಿರಕ್ಕೆ ಇಳಿಯಿತು. ಹೊಸ ಯಂತ್ರ ಬಂದು ಇಳಿದದ್ದಲ್ಲ. ಹೊತ್ತು ಉಳಿಸಿದ್ದರಿಂದ, ಇಬ್ಬರು ವೈದ್ಯರು ಒಟ್ಟಿಗೆ ನಿಂತದ್ದರಿಂದ ಇಳಿದದ್ದು. ನಮ್ಮ ಜಿಲ್ಲಾಸ್ಪತ್ರೆಗಳಲ್ಲಿ ಇದು ಯಾಕಾಗಬಾರದು? ಮೂಳೆ ವಿಭಾಗವೂ ಫಿಸಿಷಿಯನ್ನರೂ ಒಂದೇ ಕಟ್ಟಡದಲ್ಲಿಯೇ ಇದ್ದಾರೆ.

ಬೇಗ ಮಾಡಬೇಕೆಂದು ಹೇಳಿದೆ. ಇನ್ನು ಆಪರೇಷನ್ ಆದ ಮೇಲಿನ ಮಾತು. ಮರುದಿನವೇ ಎಬ್ಬಿಸಬೇಕು. “ನಿನ್ನೆ ತಾನೇ ಆಪರೇಷನ್ ಆಗಿದೆ, ಇವತ್ತೇ ನಿಲ್ಲಿಸ್ತೀರಾ?” ಎಂದು ಮನೆಯವರು ಗಾಬರಿಯಾಗುತ್ತಾರೆ. ಮೊದಲು ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರಿಸುವುದು. ಆಮೇಲೆ ವಾಕರ್ ಹಿಡಿಸಿ ನಿಲ್ಲಿಸುವುದು. ಗುಂಡು, ರಾಡು ಎರಡೂ ಸಾಮಾನ್ಯವಾಗಿ ಭಾರ ಹೊರುವಂತೆಯೇ ಕೂರಿಸಿರುತ್ತೇವೆ. ಅಮ್ಮನ ಮುಖ ಕಿವುಚಿದರೆ ನಿಮಗೆ ಸಂಕಟವಾಗುತ್ತದೆ. ಆದರೂ “ಪಾಪ, ಇವತ್ತು ಬೇಡ” ಎನ್ನಬೇಡಿ. ಆ ಪಾಪದಿಂದಲೇ ಅವರು ಮಂಚ ಹಿಡಿಯುತ್ತಾರೆ.

ಎರಡನೇ ದಿನವೋ ಮೂರನೇ ದಿನವೋ ಇನ್ನೊಂದು ಆಗಬಹುದು. ಸಂಜೆಯಾಗುತ್ತಿದ್ದಂತೆ ಅಮ್ಮ ಏನೇನೋ ಮಾತಾಡುತ್ತಾರೆ. ಯಾವತ್ತೋ ತೀರಿಹೋದ ಅಣ್ಣನನ್ನು ಕರೆಯುತ್ತಾರೆ. ಸಲೈನ್ ಪೈಪ್ ಕೀಳುತ್ತಾರೆ. ಮನೆಯವರು ತಲೆ ಕೆಟ್ಟಿತು ಎಂದು ಅಳುತ್ತಾರೆ. ಗಾಳಿ ಸೋಕಿದೆ ಎನ್ನುವವರೂ ಇದ್ದಾರೆ. ಅದು ತಾತ್ಕಾಲಿಕ ಗೊಂದಲ. ನೋವು, ಸೋಂಕು, ನೀರಿನ ಕೊರತೆ, ಮಲಬದ್ಧತೆ, ಹೊಸ ಜಾಗ, ನಿದ್ದೆಗೇಡು ಎಲ್ಲ ಸೇರಿ ಬರುವ ಸ್ಥಿತಿ. ಹೆಚ್ಚಿನವರಲ್ಲಿ ಇಳಿಯುತ್ತದೆ. ಕೈ ಕಟ್ಟಿಹಾಕಬೇಡಿ. ಪರಿಚಿತ ಮುಖ ಒಂದು ಪಕ್ಕದಲ್ಲಿರಲಿ. ಕನ್ನಡಕ ಹಾಕಿ, ಕಿವಿಯ ಮೆಷಿನ್ ಹಾಕಿ. ಕಾಣದೆ, ಕೇಳದೆ ಇದ್ದರೆ ಗೊಂದಲ ಇಮ್ಮಡಿ. ಕಟ್ಟಿಸಿದ ಹಲ್ಲು ಇದ್ದರೆ ಊಟ ಒಳಗೆ ಹೋಗುತ್ತದೆ. ಆ ಚೀಲದಲ್ಲಿ ಇವನ್ನೆಲ್ಲ ತನ್ನಿ ಎಂದದ್ದು ಇದಕ್ಕೇ.

ಊಟಕ್ಕೆ ಪಥ್ಯ ಬೇಡ. ಗಾಯ ಕೀವಾಗುತ್ತದೆ ಎಂದು ಬರಿ ಗಂಜಿ ಕೊಟ್ಟು ಕೂರಿಸುವ ಮನೆಗಳಿವೆ. ಗಂಜಿಯಿಂದ ಸ್ನಾಯು ಬೆಳೆಯುವುದಿಲ್ಲ. ಬೇಳೆ, ಕಾಳು, ಹಾಲು, ಮೊಸರು, ರಾಗಿ ಕೊಡಿ. ತಿನ್ನುವವರಿಗೆ ಮೊಟ್ಟೆ, ಮೀನು ಕೊಡಿ. ಲೋಹದ ಗುಂಡು ಹಾಕಿದವರು ಚಕ್ಕಲಮಕ್ಕಲ ಹಾಕಿ ನೆಲದಲ್ಲಿ ಕೂರಬಾರದು, ಕುಕ್ಕರಗಾಲಲ್ಲಿ ಕೂರಬಾರದು. ಗುಂಡು ಜಾರಿ ಬರಬಹುದು. ಮನೆಗೆ ಬರುವ ಮುಂಚೆಯೇ ಕಮೋಡ್ ಕುರ್ಚಿ ತಂದಿಡಿ.

ಎಬ್ಬಿಸುವುದು, ಊಟ, ಗೊಂದಲ ಇಷ್ಟಾಯಿತು. ಇನ್ನು ಕಷ್ಟದ ಮಾತು. ಆಪರೇಷನ್ ಆದರೂ ಎಲ್ಲರೂ ಮೊದಲಿನಂತಾಗುವುದಿಲ್ಲ. ಸೊಂಟ ಮುರಿದ ವೃದ್ಧರಲ್ಲಿ ಸುಮಾರು ಕಾಲು ಭಾಗ ಒಂದು ವರ್ಷದೊಳಗೆ ತೀರಿಕೊಳ್ಳುತ್ತಾರೆ. ಅವರಲ್ಲಿ ಅನೇಕರ ಹೃದಯ, ಮೂತ್ರಪಿಂಡ, ಮಿದುಳು ಮೊದಲೇ ಸೋತಿರುತ್ತವೆ. ಉಳಿದವರಲ್ಲೂ ಬಹಳಷ್ಟು ಮಂದಿಗೆ ಮೊದಲಿನ ನಡಿಗೆ ಪೂರ್ತಿ ಮರಳುವುದಿಲ್ಲ. ಕೋಲಿಲ್ಲದವರಿಗೆ ಕೋಲು ಬರುತ್ತದೆ. ಕೋಲಿನವರಿಗೆ ವಾಕರ್ ಬರುತ್ತದೆ. ಇದನ್ನು ಮನೆಯವರಿಗೆ ಮೊದಲೇ ಹೇಳುವುದು ವೈದ್ಯರ ಕರ್ತವ್ಯ.

ಹಾಗಾದರೆ ಯಾರಿಗೆ ಆಪರೇಷನ್ ಬೇಡ? ಬೀಳುವ ಮೊದಲೇ ಪೂರ್ತಿ ಹಾಸಿಗೆ ಹಿಡಿದವರು. ಮರೆವಿನ ರೋಗದ ಕೊನೆಯ ಹಂತದಲ್ಲಿ, ಯಾರನ್ನೂ ಗುರುತಿಸದೆ, ತುತ್ತು ನುಂಗದೆ ಇರುವವರು. ಬೇರೆ ಕಾಯಿಲೆಯಿಂದ ಕೆಲವೇ ದಿನ ಎಣಿಸುತ್ತಿರುವವರು. ನೆದರ್‌ಲ್ಯಾಂಡ್ಸ್ ದೇಶದಲ್ಲಿ ವೃದ್ಧಾಶ್ರಮದ ತೀರ ನಿತ್ರಾಣರಾದ ರೋಗಿಗಳ ಮನೆಯವರೊಂದಿಗೆ ವೈದ್ಯರು ಕೂತು, ವಿವರಿಸಿ, ಆಯ್ಕೆಯನ್ನು ಅವರಿಗೇ ಬಿಟ್ಟರು. 2022ರಲ್ಲಿ ಅದರ ಫಲ ಪ್ರಕಟವಾಯಿತು. ಸುಮಾರು ಅರ್ಧದಷ್ಟು ಕುಟುಂಬಗಳು ಆಪರೇಷನ್ ಬೇಡವೆಂದವು. ಆಪರೇಷನ್ ಆಗದ ಆ ರೋಗಿಗಳಲ್ಲಿ ಹೆಚ್ಚಿನವರು ಬೇಗ ತೀರಿಕೊಂಡರು. ಆದರೆ ಕೊನೆಯ ದಿನಗಳ ನೆಮ್ಮದಿಯಲ್ಲಿ ಅವರಿಗೆ ಕೊರತೆಯಾಗಲಿಲ್ಲ. ಯಾಕೆಂದರೆ ನೋವಿನ ಔಷಧ, ದಾದಿಯರ ಆರೈಕೆ ಎಲ್ಲವನ್ನೂ ಒದಗಿಸಿದ್ದರು. ಆಪರೇಷನ್ ಬೇಡ ಎಂದರೆ ಚಿಕಿತ್ಸೆಯೇ ಬೇಡ ಎಂದಲ್ಲ. ನರಕ್ಕೆ ಇಂಜೆಕ್ಷನ್, ಸಾಕಷ್ಟು ನೋವುಶಾಮಕ, ಮೆತ್ತನೆ ಹಾಸಿಗೆ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾವಣೆ ಬೇಕೇಬೇಕು. ಎಕ್ಸ್‌ರೇ ಕವರ್ ಕೈಗೆ ಕೊಟ್ಟು ಮನೆಗೆ ಕಳಿಸುವುದು ಆಯ್ಕೆಯಲ್ಲ, ಅದು ಕೈಬಿಡುವುದು. ಅಮ್ಮ ನಿಚ್ಚಳವಾಗಿ ಮಾತಾಡುತ್ತಿದ್ದರೆ ಅವರನ್ನೇ ಕೇಳಿ. ಮಕ್ಕಳು ಕಾರಿಡಾರಿನಲ್ಲಿ ನಿಂತು ತೀರ್ಮಾನಿಸುವ ವಿಷಯ ಇದಲ್ಲ.

ಕೊನೆಯ ವಿಷಯ ಇನ್ನೊಂದು ಕಾಲಿನದು. ಒಂದು ಕಡೆ ಮುರಿದಂಥ ಸವೆದ ಮೂಳೆಯೇ ಇನ್ನೊಂದು ಕಡೆಯಲ್ಲೂ ಇರುವುದು. ಗಾಯ ಮಾಯಿತು, ಹೊಲಿಗೆ ಬಿಚ್ಚಿದರು, ಎಲ್ಲ ಮುಗಿಯಿತು ಎಂದು ಮನೆಗೆ ಹೋಗುತ್ತಾರೆ. ಮೂಳೆಸವೆತಕ್ಕೆ ಯಾರೂ ಔಷಧ ಬರೆದಿರುವುದಿಲ್ಲ. ವರ್ಷಕ್ಕೊಮ್ಮೆ ರಕ್ತನಾಳಕ್ಕೆ ಕೊಡುವ ಜೊಲೆಡ್ರಾನಿಕ್ ಆಸಿಡ್ ಎಂಬ ಔಷಧವನ್ನು ಸೊಂಟ ಮುರಿದ 2,000ಕ್ಕೂ ಹೆಚ್ಚು ಜನರಲ್ಲಿ ಪರೀಕ್ಷಿಸಿದರು. 2007ರಲ್ಲಿ ಬಂದ ಫಲಿತಾಂಶದ ಪ್ರಕಾರ ಹೊಸ ಮುರಿತ ಮೂರನೇ ಒಂದು ಭಾಗದಷ್ಟು ಇಳಿಯಿತು. ಸಾವೂ ಕಾಲು ಭಾಗಕ್ಕಿಂತ ಹೆಚ್ಚು ಇಳಿಯಿತು. ಮೂತ್ರಪಿಂಡದ ಪರೀಕ್ಷೆ ಮಾಡಿ, ವಿಟಮಿನ್ ಡಿ ಸರಿಪಡಿಸಿ ಕೊಡಬೇಕಾದ ಔಷಧ ಇದು. ಡಿಸ್ಚಾರ್ಜ್ ದಿನ ಬಿಲ್ಲು ಕಟ್ಟುವ ಮುನ್ನ ನೀವೇ ಕೇಳಿ: “ಡಾಕ್ಟ್ರೇ, ಮೂಳೆ ಗಟ್ಟಿಯಾಗೋಕೆ ಏನು ಕೊಡ್ತೀರಿ?”

ನಿದ್ದೆ ಮಾತ್ರೆ ನಡೆಯುತ್ತಿದ್ದರೆ, ಅದು ಇನ್ನೂ ಬೇಕೇ ಎಂದು ಕೇಳಿ. ಕಣ್ಣಿನ ಪೊರೆ ಇದ್ದರೆ ತೆಗೆಸಿ. ಮಂಚದಿಂದ ಬಚ್ಚಲಿನವರೆಗೆ ರಾತ್ರಿಯಿಡೀ ಸಣ್ಣ ದೀಪ ಉರಿಯಲಿ. ಬಾಗಿಲಲ್ಲಿ ಹಾಸಿದ ಹಳೆಯ ಸೀರೆಯ ಕಾಲೊರಸನ್ನು ತೆಗೆಯಿರಿ. ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿ ಹಾಕಿಸಿ. ಟವೆಲ್ ನೇತುಹಾಕುವ ಕಂಬಿ ಮನುಷ್ಯರ ಭಾರ ತಡೆಯುವುದಿಲ್ಲ. ಅದನ್ನು ನಂಬಿ ಹಿಡಿದು, ಕಂಬಿ ಸಮೇತ ಬಿದ್ದವರನ್ನು ನೋಡಿದ್ದೇನೆ. ಗೋಡೆಗೆ ತೂತು ಕೊರೆದು, ಬೋಲ್ಟ್ ಹಾಕಿ ಕೂರಿಸುವ ದಪ್ಪ ಸ್ಟೀಲ್ ಕಂಬಿ ಬೇಕು. ಕಮೋಡಿನ ಪಕ್ಕಕ್ಕೆ ಒಂದು, ಸ್ನಾನದ ಜಾಗಕ್ಕೆ ಒಂದು. ಎಷ್ಟು ಎತ್ತರಕ್ಕೆ ಎಂದು ಪ್ಲಂಬರ್ ಕೇಳಿದರೆ, ಅಮ್ಮನನ್ನೇ ಕುರ್ಚಿಯಲ್ಲಿ ಕೂರಿಸಿ, ಏಳುವಾಗ ಅವರ ಕೈ ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ಗುರುತು ಹಾಕಿಸಿ. ಅವರು ಆಸ್ಪತ್ರೆಯಿಂದ ಬರುವ ಮೊದಲೇ ಈ ಕೆಲಸ ಆಗಿರಲಿ. ಅರುವತ್ತೈದು, ಎಪ್ಪತ್ತು ದಾಟಿದವರು ಮನೆಯಲ್ಲಿದ್ದು, ಇನ್ನೂ ಯಾರೂ ಬಿದ್ದಿಲ್ಲ ಎಂದಾದರೆ, ಈ ಭಾನುವಾರವೇ ಮಾಡಿಸಿ.